ಎದೆ ಝಲ್ಲೆನ್ನುವುದೂ ಎದೆಗುಂದುವುದೂ

ಅಪಘಾತ ಭಯಾನಕ, ಬಿಸಿಲು ಭಯಾನಕ, ಗಣಿತದ ಪ್ರಶ್ನೆಪತ್ರಿಕೆಯೂ ಭಯಾನಕ. ಈಚಿನ ಬರವಣಿಗೆಯಲ್ಲಿ ಈ ಒಂದೇ ಪದ ಎಲ್ಲ ಕಡೆಯೂ ದುಡಿಯುತ್ತಿದೆ. ಓದುಗನಿಗೆ ಅದರಿಂದ ಹೆದರಿಕೆಯೂ ಆಗುವುದಿಲ್ಲ, ಹೆದರಿದವನ ಮೇಲೆ ಕನಿಕರವೂ ಹುಟ್ಟುವುದಿಲ್ಲ. ನಮ್ಮನ್ನು ನಡುಗಿಸುವ, ಕುಗ್ಗಿಸುವ ಸಂಗತಿಗಳನ್ನು ಮಾತಿಗೆ ತರುವುದು ಒಂದು ಕುಶಲವಿದ್ಯೆ. ಕನ್ನಡದ ಆಡುಮಾತು ಅದನ್ನು ಎಷ್ಟು ಚೆನ್ನಾಗಿ ಬಲ್ಲದು ಎಂಬುದನ್ನು ನಿಧಾನವಾಗಿ ನೋಡಬೇಕು.

ಜೋಗದ ಧಾರೆ 253 ಮೀಟರ್ ಆಳಕ್ಕೆ ಬೀಳುತ್ತದೆ. ಮೇಲಿನಿಂದ ಇಣುಕಿ ಬಂದವರು ಊರಲ್ಲಿ ಅದನ್ನು ಹೇಗೆ ಹೇಳುತ್ತಾರೆ, ಗಮನಿಸಿ. ‘ಕಣ್ಣು ಕತ್ತಲೆ ಬಂತು’, ‘ಕಾಲು ಜುಮ್ಮೆಂದಿತು’, ‘ಎದೆ ಝಲ್ಲೆಂದಿತು’. ಕಣಿವೆ ಹೇಗಿದೆ ಎಂದು ಅವರು ಹೇಳಲೇ ಇಲ್ಲ. ತಮ್ಮ ಮೈಗೆ ಏನಾಯಿತು ಎಂದಷ್ಟೇ ಹೇಳಿದರು. ಕೇಳಿದವನಿಗೆ ಆಳ ಅರ್ಥವಾಯಿತು. ಕನ್ನಡ ತನ್ನ ಕಸುಬನ್ನು ತೋರುವುದು ಇಲ್ಲಿಯೇ: ವಸ್ತುವಿಗೆ ವಿಶೇಷಣ ಹಚ್ಚುವುದಕ್ಕಿಂತ ಆ ವಸ್ತು ಮೈಯಲ್ಲಿ ಮಾಡಿದ ಕೆಲಸವನ್ನು ಹೇಳುವುದು ಅದಕ್ಕೆ ಹೆಚ್ಚು ಒಗ್ಗುತ್ತದೆ.

ಆ ಕೆಲಸದಲ್ಲಿ ಅನುಕರಣ ಪದಗಳ ಪಾತ್ರ ದೊಡ್ಡದು, ಅವುಗಳ ನಡುವಣ ವ್ಯತ್ಯಾಸ ಬಹಳ ನವಿರು. ಆಪರೇಷನ್ ಕೋಣೆಯ ಹೊರಗೆ ಕಾದು ಕುಳಿತವನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಧಸಕ್ಕೆನ್ನುತ್ತದೆ. ಬಸ್ಸು ಘಟ್ಟದ ತಿರುವಿನಲ್ಲಿ ಅಂಚಿಗೆ ಬಂದಾಗ ಝಲ್ಲೆನ್ನುತ್ತದೆ. ಒಂದನ್ನು ಇನ್ನೊಂದರ ಜಾಗದಲ್ಲಿಟ್ಟು ನೋಡಿ, ಮಾತು ಕೆಡುತ್ತದೆ. ಡವಡವದಲ್ಲಿ ಕಾಲ ಎಳೆಯುತ್ತದೆ. ಧಸಕ್ಕಿನಲ್ಲಿ ಏನೋ ಒಳಗೆ ಕುಸಿಯುತ್ತದೆ. ಝಲ್ಲಿನಲ್ಲಿ ಒಂದು ಕ್ಷಣವಷ್ಟೇ ಇದೆ.

ಕ್ರಿಯಾಪದಗಳಲ್ಲಿಯೂ ಇದೇ ಎಚ್ಚರ. ಬೆದರುವುದರಲ್ಲಿ ಪ್ರಾಣಿಯ ಗಾಬರಿ ಇದೆ. ಎತ್ತು ಬೆದರುತ್ತದೆ, ಕುದುರೆ ಬೆದರುತ್ತದೆ. ಹಾವೇರಿ ಸೀಮೆಯಲ್ಲಿ ದೀಪಾವಳಿಯ ಹೊತ್ತಿಗೆ ಹೋರಿ ಬೆದರಿಸುವ ಹಬ್ಬವೇ ನಡೆಯುತ್ತದೆ. ಹಕ್ಕಿಗಳನ್ನು ಓಡಿಸಲು ಹೊಲದಲ್ಲಿ ಬೆದರುಬೊಂಬೆ ನಿಲ್ಲುತ್ತದೆ. ಅಂಜುವುದು ಬೇರೆ. ದೇವರಿಗೆ ಅಂಜುತ್ತೇವೆ, ನಾಲ್ಕು ಜನರ ಮಾತಿಗೆ ಅಂಜುತ್ತೇವೆ. ಅದರಲ್ಲಿ ಗೌರವದ ಪಾಲೂ ಇದೆ. ಅಳುಕು ಇನ್ನೂ ಮೆಲ್ಲನೆಯದು, ಒಳಗೇ ಕುಳಿತು ಕೈ ಹಿಡಿದೆಳೆಯುವಂಥದು. ದೊಡ್ಡ ಸಭೆಯಲ್ಲಿ ಮೊದಲ ಸಲ ಮಾತಾಡಲು ಎದ್ದವನಿಗೆ ಆಗುವುದು ಅಳುಕು. ಅಲ್ಲಿ ‘ಬೆದರಿದ’ ಎಂದು ಬರೆದರೆ ಅವನಿಗೆ ಅನ್ಯಾಯ ಮಾಡಿದಂತೆ.

ಹೆದರಿಕೆಗೂ ಎದೆಗುಂದುವಿಕೆಗೂ ಇರುವ ಗೆರೆಯನ್ನು ತಿಳಿಯಲು ನನಗೆ ಮಹಾಭಾರತಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ. ಅಲ್ಲಿ ಎರಡು ರಥಗಳು ದಂಡಿನೆದುರು ನಿಲ್ಲುತ್ತವೆ, ಎರಡರಲ್ಲೂ ಅರ್ಜುನನಿದ್ದಾನೆ. ಮೊದಲನೆಯದು ವಿರಾಟಪರ್ವದಲ್ಲಿ. ಅಂತಃಪುರದ ಹೆಂಗಸರ ಮುಂದೆ ಕೊಚ್ಚಿಕೊಂಡ ಉತ್ತರಕುಮಾರ ಬೃಹನ್ನಳೆಯ ವೇಷದ ಅರ್ಜುನನ ಸಾರಥ್ಯದಲ್ಲಿ ಹೊರಟು, ಕೌರವ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಕುಮಾರವ್ಯಾಸ ಇದನ್ನು ಕಟ್ಟುವ ಬಗೆಯನ್ನು ಗಮಕಿಗಳ ಬಾಯಲ್ಲಿ ಕೇಳಬೇಕು. ಜಂಬದ ಮಾತನ್ನು ಎಷ್ಟು ಎತ್ತರಕ್ಕೆ ಏರಿಸುತ್ತಾನೋ ಅಷ್ಟೇ ಆಳಕ್ಕೆ ಹೆದರಿಕೆಯನ್ನು ಇಳಿಸುತ್ತಾನೆ. ಸೇನೆ ದೊಡ್ಡದೆಂದು ನಮಗೆ ತಿಳಿಯುವುದೇ ಉತ್ತರನ ಕಂಗೆಟ್ಟ ಕಣ್ಣಿನಿಂದ. ಭಾಮಿನಿ ಷಟ್ಪದಿಯ ಓಟವೂ ಅವನ ಕಾಲಿನ ಓಟಕ್ಕೆ ಹೆಗಲು ಕೊಡುತ್ತದೆ.

ಎರಡನೆಯದು ಕುರುಕ್ಷೇತ್ರದ ರಥ. ಉತ್ತರನನ್ನು ಹಿಡಿದು ತಂದು ಧೈರ್ಯ ಹೇಳಿದ ಅದೇ ಅರ್ಜುನ ಇಲ್ಲಿ ಕುಸಿಯುತ್ತಾನೆ. ಗೀತೆಯ ಮೊದಲ ಅಧ್ಯಾಯ ಅವನ ಮೈಯನ್ನು ಅಂಗ ಅಂಗವಾಗಿ ತೋರಿಸುತ್ತದೆ: ಅವಯವಗಳು ಸಡಿಲುತ್ತವೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ರೋಮ ಏಳುತ್ತದೆ, ಗಾಂಡೀವ ಕೈಯಿಂದ ಜಾರುತ್ತದೆ. ನಡುಕ, ರೋಮಾಂಚ ಇವೆರಡೂ ಭರತನ ನಾಟ್ಯಶಾಸ್ತ್ರ ಹೇಳುವ 8 ಸಾತ್ತ್ವಿಕ ಭಾವಗಳಲ್ಲಿ ಸೇರಿದವು. ಹೆದರಿದ ಉತ್ತರನ ಮೈಯಲ್ಲಿ ಕಾಣುವ ಲಕ್ಷಣಗಳೂ ಇವೇ. ಆದರೂ ಅರ್ಜುನ ಹೆದರಿದ ಎಂದು ಯಾರೂ ಹೇಳುವುದಿಲ್ಲ. ಅಧ್ಯಾಯಕ್ಕೆ ವಿಷಾದಯೋಗವೆಂದೇ ಹೆಸರು. ವ್ಯತ್ಯಾಸ ಎಲ್ಲಿದೆ? ಉತ್ತರ ಓಡುತ್ತಾನೆ, ಅರ್ಜುನ ರಥದಲ್ಲೇ ಕುಳಿತುಬಿಡುತ್ತಾನೆ. ಉತ್ತರನಿಗೆ ಎದುರಿನ ಬಲ ಕಂಡಿತು. ಅರ್ಜುನನಿಗೆ ತನ್ನ ಬಲದಿಂದ ಏನು ಪ್ರಯೋಜನ ಎನ್ನಿಸಿತು. ಬರೆಯುವವರು ಪದ ಹುಡುಕುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ನನ್ನ ಪಾತ್ರ ಓಡುತ್ತಿದೆಯೋ, ಕುಳಿತಿದೆಯೋ?

ಓಡುವವನಿಗೆ ಗಾಬರಿ, ದಿಗಿಲು, ಬೆಚ್ಚುವಿಕೆ ಇವೆ. ಕುಳಿತವನಿಗೆ ಬೇಕಾದ ಪದಗಳಲ್ಲಿ ಹಲವನ್ನು ಕನ್ನಡ ಎರಡೆರಡು ತುಂಡು ಕೂಡಿಸಿ ಮಾಡಿಕೊಂಡಿದೆ. ಎದೆ ಕುಂದಿದರೆ ಎದೆಗುಂದುವುದು, ಧೃತಿ ಕೆಟ್ಟರೆ ಧೃತಿಗೆಡುವುದು. ಇವುಗಳಲ್ಲಿಯೂ ಹೊತ್ತಿನ ಲೆಕ್ಕವಿದೆ. ಕೆಲಸ ಶುರುವಾಗುವ ಮೊದಲು ಹಿಂಜರಿಯುತ್ತೇವೆ, ನಡುವೆ ಎದೆಗುಂದುತ್ತೇವೆ, ಎಲ್ಲ ಮಾಡಿ ಸೋತ ಮೇಲೆ ಕೈಚೆಲ್ಲುತ್ತೇವೆ. ಸತತ ಮೂರು ಮಳೆಗಾಲ ಬೆಳೆ ಕಳೆದುಕೊಂಡ ರೈತ ಹಿಂಜರಿದ ಎಂದು ಬರೆದರೆ ಅವನ ದುಡಿಮೆಯೇ ಅಳಿಸಿಹೋಗುತ್ತದೆ, ಅವನು ಕೈಚೆಲ್ಲಿದವನು.

ಇನ್ನೊಬ್ಬರ ಉತ್ಸಾಹ ಕೆಡಿಸುವುದಕ್ಕೂ ಮಾತುಗಳಿವೆ. ಹೊಸದಾಗಿ ಏನನ್ನೋ ಮಾಡಹೊರಟವನ ಮುಂದೆ ಮೂಗು ಮುರಿಯುವವರಿದ್ದಾರೆ, ಆಸೆಗೆ ತಣ್ಣೀರೆರಚುವವರಿದ್ದಾರೆ. ಕಲಿಯುವ ಮಕ್ಕಳಿಗೆ ಹಳಗನ್ನಡವನ್ನೋ ಗಣಿತವನ್ನೋ ಕಬ್ಬಿಣದ ಕಡಲೆಯೆಂದು ಮೊದಲೇ ಹೇಳಿಬಿಡುತ್ತೇವೆ. ಚಂದದ ನುಡಿಗಟ್ಟು ನಿಜ, ಆದರೆ ಪಾಠ ಶುರುವಾಗುವ ಮುನ್ನ ತರಗತಿಯಲ್ಲಿ ಅದನ್ನು ಆಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರುಚಿ ನೋಡುವ ಮುನ್ನವೇ ಹಲ್ಲಿನ ಭಯ ಹುಟ್ಟುತ್ತದೆ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಹಳೆಯ ಕಾವ್ಯಗಳ ಪದಗಳ ಜೊತೆಗೆ ಜನರ ಬಾಯಲ್ಲಿದ್ದ ಗಾದೆಗಳನ್ನೂ ಬಳಕೆಗಳನ್ನೂ ಸೇರಿಸಿಕೊಂಡಿತು. ಅದರಿಂದಲೇ ಅದು ಇವತ್ತಿಗೂ ಜೀವಂತವಾಗಿದೆ. ಹೆದರಿಕೆಯ ಮಾತುಗಳು ಊರಿಂದೂರಿಗೆ ಬೇರೆಯಾಗುತ್ತವೆ, ಎಷ್ಟೋ ಮಾತುಗಳು ಅಚ್ಚಿನ ಕನ್ನಡಕ್ಕೆ ಬರದೆ ಹಿರಿಯರೊಂದಿಗೇ ಹೋಗುತ್ತಿವೆ. ನಿಮ್ಮ ಮನೆಯ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು, ಕಾಡಿನ ದಾರಿಯಲ್ಲಿ ಒಂಟಿಯಾಗಿ ನಡೆದ ರಾತ್ರಿಯ ಕತೆ ಕೇಳಿ. ಅವರು ಆಡಿದ ಮಾತನ್ನು ತಿದ್ದದೆ, ಹಾಗೆಯೇ ಬರೆದಿಡಿ.