ಕ್ರೋಮ್ ಅಂತೀವಿ, ಹೊಳೆಯೋದು ನಿಕಲ್

ಈ ಎಪಿಸೋಡ್ ಶುರುವಾಗಿದ್ದು ಒಂದು ಸ್ಪೂನ್‌ನಿಂದ.

ಹೋದ ತಿಂಗಳು ನಮ್ಮಣ್ಣ ಊಟಕ್ಕೆ ಬಂದಿದ್ದ. ದೊಡ್ಡಮ್ಮನ ಮಗ. ಪೀಣ್ಯ ಸೆಕೆಂಡ್ ಸ್ಟೇಜ್‌ನ ಒಂದು ಪ್ಲೇಟಿಂಗ್ ಶಾಪಲ್ಲಿ 12 ವರ್ಷದಿಂದ ಆಪರೇಟರ್. ಮುದ್ದೆ ಅಂದ್ರೆ ಪ್ರಾಣ ಬಿಡೋ ಮನುಷ್ಯ, ಅವತ್ತು ಬಸ್ಸಾರು ಮುಂದೆ ಇಟ್ಕೊಂಡು, "ಚಿಕ್ಕಮ್ಮ, ಅನ್ನ ಇದ್ರೆ ಹಾಕು, ಒಂದು ಸ್ಪೂನ್ ಕೊಡು" ಅಂದ. ಯಾಕೆ ಅಂತ ನೋಡಿದ್ರೆ ಬೆರಳಿನ ಗೆಣ್ಣಿನ ಮೇಲೆ ಒಂದು ಸಣ್ಣ ಗುಂಡಗಿನ ಹುಣ್ಣು. ಪೆನ್ಸಿಲ್ ಮೊನೆ ಚುಚ್ಚಿದ ಹಾಗೆ, ಆದ್ರೆ ಆಳ. "ಕ್ರೋಮ್ ಹೋಲ್ ಕಣೋ. ನೋವೇನಿಲ್ಲ, ಖಾರ ತಾಗಿದ್ರೆ ಮಾತ್ರ ಉರಿಯುತ್ತೆ" ಅಂದ, ಸೊಳ್ಳೆ ಕಚ್ಚಿದೆ ಅನ್ನೋ ಧಾಟಿಯಲ್ಲಿ.

ತಮಾಷೆ ಏನು ಗೊತ್ತಾ? ಆ ಬೆರಳಿಗೆ ತೂತು ಮಾಡಿದ ಲೋಹವೇ ಅವನು ಬಾಯಿಗೆ ಇಡ್ತಿದ್ದ ಸ್ಪೂನ್‌ನಲ್ಲೂ ಇತ್ತು. ಕ್ರೋಮಿಯಂ. ಒಂದು ಕಡೆ ಚರ್ಮ ತಿನ್ನುತ್ತೆ, ಇನ್ನೊಂದು ಕಡೆ ಅದರಲ್ಲೇ ಮಗುವಿಗೆ ಹಾಲು ಕುಡಿಸ್ತೀವಿ. ನಾನು ಬಿ.ಕಾಂ. ಓದಿದವನು, ಕೆಮಿಸ್ಟ್ರಿ ಹತ್ತನೇ ಕ್ಲಾಸಿಗೇ ಬಿಟ್ಟೆ. ಹಾಗಾಗಿ ಮೂರು ವಾರ ಇದನ್ನೇ ಕೆದಕ್ತಾ ಕೂತೆ. ಕೆದಕಿದಷ್ಟೂ ಕ್ರೋಮಿಯಂ ಪಕ್ಕದಲ್ಲಿ ಇನ್ನೊಬ್ಬ ಬರ್ತಾನೇ ಇದ್ದ: ನಿಕಲ್.

ಮೊದಲು ಸ್ಪೂನ್. ಒಳ್ಳೆ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ ತಳ ತಿರುಗಿಸಿ ನೋಡಿ, ಕೆಲವು ಸಲ 18/8 ಅಂತ ಒತ್ತಿರ್ತಾರೆ. ಅಂದ್ರೆ ಸುಮಾರು 18% ಕ್ರೋಮಿಯಂ, 8% ನಿಕಲ್, ಉಳಿದಿದ್ದು ಹೆಚ್ಚುಕಮ್ಮಿ ಕಬ್ಬಿಣ. ತುಕ್ಕು ತಡೆಯೋದು ಕ್ರೋಮಿಯಂ. ಗಾಳಿ ತಾಗಿದ ತಕ್ಷಣ ಮೇಲ್ಗಡೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಆಕ್ಸೈಡ್ ಪದರ ಕಟ್ಟುತ್ತೆ. ಗೀರಿದ್ರೆ ಮತ್ತೆ ತಾನೇ ಕಟ್ಕೊಳ್ಳುತ್ತೆ. ನಿಕಲ್ ಕೆಲಸ ಬೇರೆ: ಒಳಗಡೆ ಅಣುಗಳ ಜೋಡಣೆಯನ್ನೇ ಬದಲಾಯಿಸಿ, ಸ್ಟೀಲನ್ನ ಬಿರುಕು ಬಿಡದೆ ಆಳವಾದ ಪಾತ್ರೆ ಆಕಾರಕ್ಕೆ ಎಳೆಯೋ ಹಾಗೆ ಮಾಡುತ್ತೆ.

ಒಂದು ಮ್ಯಾಗ್ನೆಟ್ ತಗೊಳ್ಳಿ. 18/8 ಸ್ಪೂನ್‌ಗೆ ಅದು ಅಂಟೋದೇ ಇಲ್ಲ, ಅಂಟಿದ್ರೂ ಅಷ್ಟಕ್ಕಷ್ಟೆ. ಈಗಿನ 1 ರೂಪಾಯಿ, 2 ರೂಪಾಯಿ ನಾಣ್ಯಕ್ಕೆ ಟಕ್ ಅಂತ ಅಂಟುತ್ತೆ, ಯಾಕಂದ್ರೆ ಆ ಸ್ಟೀಲ್‌ನಲ್ಲಿ ಕ್ರೋಮಿಯಂ ಇದೆ, ನಿಕಲ್ ಇಲ್ಲ. ವಿಚಿತ್ರ ಅಂದ್ರೆ ನಿಕಲ್ ತಾನು ಒಂಟಿಯಾಗಿದ್ದಾಗ ಮ್ಯಾಗ್ನೆಟ್‌ಗೆ ಚೆನ್ನಾಗೇ ಅಂಟೋ ಲೋಹ. ಕಬ್ಬಿಣದ ಜೊತೆ ಸೇರಿ ಇಬ್ಬರ ಅಂಟೂ ಹೋಗ್ಸುತ್ತೆ. ನನಗಂತೂ ಇದು ಇನ್ನೂ ಪೂರ್ತಿ ಜೀರ್ಣ ಆಗಿಲ್ಲ.

ಈಗ ಅಣ್ಣನ ಶಾಪ್‌ಗೆ ಬನ್ನಿ. ಬೈಕ್ ಪಾರ್ಟ್, ನಲ್ಲಿ, ಬಾಗಿಲ ಹಿಡಿ, ಹೊಳೀತಿದ್ರೆ ನಾವು "ಕ್ರೋಮ್ ಹಾಕಿದಾರೆ" ಅಂತೀವಿ. ಹೊಳಪಿನ ಬಹುಪಾಲು ನಿಕಲ್‌ದು. ಬಫಿಂಗ್ ಆಗಿ, ಎಣ್ಣೆ ಜಿಡ್ಡು ತೊಳೆದ ಜಾಬ್ ಮೊದಲು ನಿಕಲ್ ಟ್ಯಾಂಕ್‌ಗೆ ಇಳಿಯುತ್ತೆ. ಅಲ್ಲಿ ಸಾಮಾನ್ಯವಾಗಿ 10–20 ಮೈಕ್ರಾನ್ ಕೂರುತ್ತೆ. ಆಮೇಲೆ ಕ್ರೋಮ್ ಟ್ಯಾಂಕ್‌ನಲ್ಲಿ ಸ್ವಲ್ಪ ಹೊತ್ತು, ಅರ್ಧ ಮೈಕ್ರಾನ್ ಕೂಡ ಇರಲ್ಲ. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತ ಇಟ್ಕೊಂಡ್ರೆ, ಲೆಕ್ಕ ಹಾಕಿ.

ಹಾಗಾದ್ರೆ ಆ ಚೂರು ಕ್ರೋಮ್ ಯಾಕೆ? ನಿಕಲ್ ಒಂದನ್ನೇ ಬಿಟ್ರೆ ಗಾಳಿಗೆ ನಿಧಾನಕ್ಕೆ ಹಳದಿ ತಿರುಗಿ ಮಂಕಾಗುತ್ತೆ, ಬೇಗ ಗೀರೂ ಬೀಳುತ್ತೆ. ಕ್ರೋಮ್ ಗಟ್ಟಿ, ಆ ತಣ್ಣನೆ ನೀಲಿ ಛಾಯೆ ಅದರದ್ದೇ. ನಿಕಲ್ ಇಲ್ಲದೆ ಬರೀ ಕ್ರೋಮ್ ಹಾಕಿದ್ರೆ? ಅದರಲ್ಲಿ ಸೂಕ್ಷ್ಮ ಬಿರುಕು ಇರುತ್ತೆ, ಒಂದು ಮಳೆಗಾಲ ಕಳೆಯೋದ್ರೊಳಗೆ ಅಡಿಯಿಂದ ತುಕ್ಕು ಹಣಿಕಿ ಹಾಕುತ್ತೆ. ಕಡಿಮೆ ರೇಟಿಗೆ ತಂದ ನಲ್ಲಿ ಆರು ತಿಂಗಳಿಗೇ ಚುಕ್ಕಿ ಚುಕ್ಕಿ ಆದ್ರೆ, ಯಾರೋ ನಿಕಲ್ ಟ್ಯಾಂಕ್‌ನಲ್ಲಿ ಟೈಮ್ ಉಳಿಸಿರಬಹುದು.

ಯಾಕೆ ಉಳಿಸ್ತಾರೆ? ಇಲ್ಲಿ ನನ್ನ ಕಾಮರ್ಸ್ ಸ್ವಲ್ಪ ಕೆಲಸಕ್ಕೆ ಬರುತ್ತೆ. ನಿಕಲ್ ದುಬಾರಿ, ಅದರ ರೇಟ್ ಹುಚ್ಚು ಕುದುರೆ. 2022ರ ಮಾರ್ಚ್ 8ರಂದು ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನಲ್ಲಿ ಟನ್‌ಗೆ 1 ಲಕ್ಷ ಡಾಲರ್ ದಾಟಿಬಿಡ್ತು. ಫೆಬ್ರವರಿಯಲ್ಲಿ 25 ಸಾವಿರದ ಆಸುಪಾಸು ಇತ್ತು. ಎಕ್ಸ್‌ಚೇಂಜ್ ಟ್ರೇಡಿಂಗ್ ನಿಲ್ಲಿಸಿ, ಆ ದಿನದ ವ್ಯವಹಾರಗಳನ್ನೇ ರದ್ದು ಮಾಡ್ತು. ಅಲ್ಲಿ ಯಾರೋ ಬೆಟ್ಟಿಂಗ್ ತಪ್ಪಿಸ್ಕೊಂಡ್ರೆ, ಇಲ್ಲಿ ಪೀಣ್ಯದಲ್ಲಿ ನಾಲ್ಕು ಜನ ಇಟ್ಕೊಂಡು ಶೆಡ್ ನಡೆಸೋರು ಮುಂದಿನ ಆನೋಡ್ ಯಾವಾಗ ತರೋದು ಅಂತ ಕೂತಿದ್ರು.

ಎರಡೂ ಟ್ಯಾಂಕ್ ಪಕ್ಕಪಕ್ಕದಲ್ಲೇ ಇರುತ್ತೆ, ಸ್ವಭಾವ ಮಾತ್ರ ಪೂರ್ತಿ ಬೇರೆ. ನಿಕಲ್ ಟ್ಯಾಂಕ್ ಹಸಿರು, ಸಮಾಧಾನದ್ದು. ನಿಕಲ್ ಆನೋಡ್ ಕರಗುತ್ತೆ, ಅಷ್ಟೇ ನಿಕಲ್ ಜಾಬ್ ಮೇಲೆ ಕೂರುತ್ತೆ, ಕೊಟ್ಟ ಕರೆಂಟ್ ಹೆಚ್ಚುಕಮ್ಮಿ ಪೂರ್ತಿ ಉಪಯೋಗ. ಕ್ರೋಮ್ ಟ್ಯಾಂಕ್ ಕಡುಗೆಂಪು. ಅಲ್ಲಿ ಆನೋಡ್ ಸೀಸದ್ದು, ಕರಗಲ್ಲ. ಲೋಹ ಬರೋದು ಕ್ರೋಮಿಕ್ ಆಸಿಡ್‌ನಿಂದ, ಆ ಕೆಂಪು ಚಕ್ಕೆ ಡ್ರಮ್‌ಗಳಲ್ಲಿ ಬರುತ್ತೆ. ಕರೆಂಟ್‌ನಲ್ಲಿ 10–20% ಮಾತ್ರ ಕ್ರೋಮ್ ಕೂರಿಸುತ್ತೆ. ಉಳಿದಿದ್ದೆಲ್ಲ ನೀರನ್ನ ಒಡೆದು ಗುಳ್ಳೆ ಎಬ್ಬಿಸುತ್ತೆ. ಆ ಗುಳ್ಳೆ ಒಡೆದಾಗ ಹಾರೋ ಮಂಜೇ ಅಣ್ಣನ ಮೂಗಿಗೆ, ಬೆರಳಿಗೆ ಬಂದಿದ್ದು.

ಸ್ಪೂನ್‌ನಲ್ಲಿರೋ ಕ್ರೋಮಿಯಂ ಲೋಹ, ಎಲೆಕ್ಟ್ರಾನ್ ಕಳ್ಕೊಂಡಿಲ್ಲ. ಟ್ಯಾಂಕ್‌ನಲ್ಲಿರೋದು ಆರು ಎಲೆಕ್ಟ್ರಾನ್ ಬಿಟ್ಟುಕೊಟ್ಟ ಹೆಕ್ಸಾವೆಲೆಂಟ್ ಕ್ರೋಮಿಯಂ. ಅದು ನೋಡೋಕೆ ನಮ್ಮ ದೇಹಕ್ಕೆ ಬೇಕಾದ ಸಲ್ಫೇಟ್ ತರಾನೇ ಇರುತ್ತೆ, ಹಾಗಾಗಿ ಜೀವಕೋಶ ತಾನೇ ಬಾಗಿಲು ತೆಗೆದು ಒಳಗೆ ಬಿಟ್ಕೊಳ್ಳುತ್ತೆ. ಒಳಗೆ ಹೋದ್ಮೇಲೆ ಡಿಎನ್ಎ ತನಕ ಹಾಳು ಮಾಡುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನ ಮನುಷ್ಯರಲ್ಲಿ ಕ್ಯಾನ್ಸರ್ ತರೋದು ಖಚಿತ ಅನ್ನೋ ಮೊದಲ ಗುಂಪಿನಲ್ಲಿ ಇಟ್ಟಿದೆ. ನಿಕಲ್ ಸಾಧು ಅಂತಲ್ಲ, ಅದರ ಸಂಯುಕ್ತಗಳೂ ಅದೇ ಗುಂಪಲ್ಲಿವೆ. ಆದ್ರೆ ನಿಕಲ್ ನಮಗೆ ಸಾಮಾನ್ಯವಾಗಿ ಸಿಗೋದು ಅಲರ್ಜಿಯಾಗಿ: ಅಗ್ಗದ ಕಿವಿಯೋಲೆ, ಜೀನ್ಸ್ ಬಟನ್ ತಾಗಿದ ಕಡೆ ತುರಿಕೆ.

ಮೂರು ಎಲೆಕ್ಟ್ರಾನ್ ಕಳ್ಕೊಂಡ ಟ್ರೈವೆಲೆಂಟ್ ಕ್ರೋಮಿಯಂ ಅಂತ ಇನ್ನೊಂದಿದೆ. ಜೀವಕೋಶದೊಳಗೆ ಸುಲಭವಾಗಿ ನುಗ್ಗಲ್ಲ, ಮಣ್ಣಿಗೆ ಅಂಟ್ಕೊಂಡು ಕೂತುಬಿಡುತ್ತೆ. ಆರರದ್ದು ಕೂರಲ್ಲ, ನೀರಿನ ಜೊತೆ ಹೊರಟುಬಿಡುತ್ತೆ. ಪೀಣ್ಯದ ಕೆಳಗಿರೋದು ಗಟ್ಟಿ ಬಂಡೆ, ನೀರು ಓಡಾಡೋದು ಅದರ ಬಿರುಕುಗಳಲ್ಲಿ. ಯಾವ ಶೆಡ್‌ನಲ್ಲಿ ಚೆಲ್ಲಿದ್ದು ಯಾರ ಬೋರ್‌ವೆಲ್‌ಗೆ ಬಂತು ಅಂತ ಹೇಳೋದು ಕಷ್ಟ. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೆಲೆಂಟ್ ಕ್ರೋಮಿಯಂ ಇರೋದು ಸರ್ಕಾರಿ ಪರೀಕ್ಷೆಗಳಲ್ಲೇ ದಾಖಲಾಗಿದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳನ್ನ ಅಳೆದಾಗ ಪೀಣ್ಯ ತೀವ್ರವಾಗಿ ಮಲಿನವಾದ ಜಾಗಗಳ ಸಾಲಿನಲ್ಲಿತ್ತು.

ಕುಡಿಯೋ ನೀರಿನ ಭಾರತೀಯ ಮಾನದಂಡದಲ್ಲಿ ಕ್ರೋಮಿಯಂ ಲೀಟರ್‌ಗೆ 0.05 ಮಿಲಿಗ್ರಾಂ ದಾಟಬಾರದು, ನಿಕಲ್ 0.02. ಆ ಮಟ್ಟ ದಾಟಿದ ನೀರು ಹಳದಿ ಕಾಣಲೇಬೇಕು ಅಂತೇನಿಲ್ಲ. ಕಣ್ಣಿಗೆ ಬಣ್ಣ ಕಾಣೋ ಹೊತ್ತಿಗೆ ಮಿತಿ ಎಷ್ಟೋ ಪಟ್ಟು ಮೀರಿರುತ್ತೆ. ಕುದಿಸಿದ್ರೆ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಟಿಡಿಎಸ್ ಮೀಟರ್ ಇದನ್ನ ಹೇಳಲ್ಲ. ಆ ಕಡೆ ಬಾಡಿಗೆಗಿದ್ದು ಬೋರ್ ನೀರು ಕುಡೀತಿದ್ರೆ, ಲ್ಯಾಬ್‌ಗೆ ಕೊಡುವಾಗ "ಕ್ರೋಮಿಯಂ ನೋಡಿ" ಅಂತ ಬಾಯಿಬಿಟ್ಟು ಕೇಳಿ.

ಟ್ಯಾಂಕ್ ತೊಳೆದ ನೀರನ್ನ ಶುದ್ಧ ಮಾಡೋಕೆ ಆಗಲ್ವಾ? ಆಗುತ್ತೆ, ಹಳೇ ವಿದ್ಯೆ. ಆಸಿಡ್ ಸ್ಥಿತಿಯಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದ್ರೆ ಹಳದಿ ನೀರು ಹಸಿರಾಗುತ್ತೆ. ಅಂದ್ರೆ ಆರು ಮೂರಾಯ್ತು. ಆಮೇಲೆ ಸುಣ್ಣ ಹಾಕಿದ್ರೆ ತಳಕ್ಕೆ ಕೆಸರಾಗಿ ಕೂರುತ್ತೆ. ಆದ್ರೆ ಕ್ರೋಮ್ ಕೂರೋಕೆ ಪಿಎಚ್ 8–9 ಸಾಕು, ನಿಕಲ್‌ಗೆ 10ರ ಹತ್ತಿರ ಬೇಕು. ಎರಡೂ ನೀರನ್ನ ಒಂದೇ ಡ್ರಮ್‌ಗೆ ಸುರಿದು ಒಂದೇ ಸಲ ಸುಣ್ಣ ಹಾಕಿದ್ರೆ ಯಾವುದಾದ್ರೂ ಒಂದು ತಪ್ಪಿಸ್ಕೊಳ್ಳುತ್ತೆ. ಸಣ್ಣ ಶೆಡ್‌ನಲ್ಲಿ ಎರಡು ಡ್ರಮ್‌ಗೆ ಜಾಗ ಎಲ್ಲಿ ಅನ್ನೋದೇ ಸಮಸ್ಯೆ. ಉಳಿದ ಕೆಸರೂ ಮೋರಿಗೆ ಹೋಗೋ ಹಾಗಿಲ್ಲ, ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ದುಡ್ಡು ಕೊಟ್ಟು ಕಳಿಸಬೇಕು.

ಮೊದಲೇ ಮೂರರ ಕ್ರೋಮ್‌ನಿಂದ ಪ್ಲೇಟಿಂಗ್ ಮಾಡೋ ಬಾತ್‌ಗಳೂ ಇವೆ. ಯುರೋಪ್‌ನಲ್ಲಿ 2017ರ ಸೆಪ್ಟೆಂಬರ್ 21ರಿಂದ ವಿಶೇಷ ಅನುಮತಿ ಇಲ್ಲದೆ ಕ್ರೋಮಿಕ್ ಆಸಿಡ್ ಬಳಸೋ ಹಾಗಿಲ್ಲ. ನಲ್ಲಿ, ಹಿಡಿಗಳಿಗೆ ಟ್ರೈವೆಲೆಂಟ್ ಚೆನ್ನಾಗೇ ನಡೆಯುತ್ತೆ, ಬಣ್ಣ ಒಂಚೂರು ಕಪ್ಪು ಛಾಯೆ. ಹೈಡ್ರಾಲಿಕ್ ರಾಡ್‌ಗೆ ಹಾಕೋ ದಪ್ಪನೆ ಹಾರ್ಡ್ ಕ್ರೋಮ್‌ಗೆ ಮಾತ್ರ ಅಷ್ಟು ಸುಲಭವಾಗಿ ಪರ್ಯಾಯ ಸಿಕ್ಕಿಲ್ಲ.

ಅಣ್ಣನ ಮಾಲೀಕರೂ ಕೊಟೇಶನ್ ತರಿಸಿದ್ರಂತೆ. "ಕಸ್ಟಮರ್ ಶೇಡ್ ಒಪ್ಪಲಿಲ್ಲ ಕಣೋ, ಪಕ್ಕದ ಶಾಪಿನ ಜಾಬ್ ಜೊತೆ ಮ್ಯಾಚ್ ಆಗಲ್ಲ ಅಂದ್ರು." ಒಂಚೂರು ನೀಲಿ ಛಾಯೆಗೋಸ್ಕರ! ನನಗೆ ಸಿಟ್ಟು ಬಂತು, ಅವನಿಗೆ ಬರಲಿಲ್ಲ. ಗ್ಲೌಸ್ ಹರಿದಿದ್ದು ಎಷ್ಟು ದಿನ ಆಯ್ತು ಅಂತ ಕೇಳಿದೆ, ಉತ್ತರ ಬರಲಿಲ್ಲ. ಹೊಸ ಜೊತೆ ನಾನೇ ತಂದುಕೊಟ್ಟೆ, ಮೊಣಕೈ ತನಕ ಬರೋದು.

ಮೂಗಿನ ವಿಷಯ ಕೊನೆಗೆ ಹೇಳ್ತೀನಿ. ಕ್ರೋಮ್ ಮಂಜು ವರ್ಷಗಟ್ಟಲೆ ಒಳಗೆ ಹೋದ್ರೆ ಎರಡು ಹೊಳ್ಳೆ ನಡುವಿನ ಗೋಡೆ ತೂತಾಗಬಹುದು, ಎಷ್ಟೋ ಸಲ ನೋವೇ ಗೊತ್ತಾಗಲ್ಲ. ಪದೇ ಪದೇ ರಕ್ತ, ಒಣ ಹಕ್ಕಳೆ, ಉಸಿರಾಡುವಾಗ ಸಣ್ಣ ಸಿಳ್ಳೆ ಬಂದ್ರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ, ಕ್ರೋಮ್ ಟ್ಯಾಂಕ್ ಹತ್ರ ಕೆಲಸ ಅಂತ ಹೇಳಿ. ಅಣ್ಣನಿಗೆ ಶನಿವಾರ ಬೆಳಗ್ಗೆ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಸೆಕೆಂಡ್ ಶಿಫ್ಟ್‌ಗೆ ಲೇಟಾಗುತ್ತೆ ಅಂತ ಈಗಲೇ ರಾಗ ಎಳೀತಿದಾನೆ.