ಮನಸ್ಸು ನುಡಿದದ್ದೆಲ್ಲ ಕಾರ್ಣಿಕವಲ್ಲ

ಕೂಡ್ಲಿಗಿ ಕಡೆಯ ಹಳ್ಳಿಯೊಂದರಿಂದ ನಲವತ್ತರ ಆಸುಪಾಸಿನ ಗೃಹಿಣಿಯೊಬ್ಬರು ಬಂದಿದ್ದರು. ಕೈಯಲ್ಲಿ ಚೀಲದ ತುಂಬ ಕಾಗದಗಳು: ಮೂರು ಇಸಿಜಿ, ರಕ್ತಪರೀಕ್ಷೆ, ಥೈರಾಯ್ಡ್ ಪರೀಕ್ಷೆ. ಎಲ್ಲವೂ ಸರಿಯಾಗಿಯೇ ಇದ್ದವು. "ಡಾಕ್ಟ್ರೇ, ಎದಿ ಡವಡವ ಅಂತೈತ್ರಿ, ಕೈಕಾಲು ತಣ್ಣಗಾಗ್ತಾವ್ರಿ. ಈ ಸಲ ನಾ ಉಳಿಯಂಗಿಲ್ಲ ಅನ್ನಿಸಿಬಿಡ್ತೈತ್ರಿ" ಎಂದರು. ಬೆಂಗಳೂರಿನಲ್ಲಿ ದುಡಿಯುವ ಮಗ ಒಂದು ಸಲ ಫೋನ್ ಎತ್ತದಿದ್ದರೆ ಸಾಕು, ಅಪಘಾತವೇ ಆಗಿದೆ ಎಂದು ಊಟ ಬಿಡುತ್ತಿದ್ದರು. ಆರು ತಿಂಗಳಿಂದ ಸಂತೆಗೆ, ಮದುವೆಗೆ ಹೋಗುವುದನ್ನೂ ನಿಲ್ಲಿಸಿದ್ದರು.

ವೃತ್ತಿಯ ಮೊದಲ ವರ್ಷಗಳಲ್ಲಾಗಿದ್ದರೆ ನಾನು "ನಿಮಗೇನೂ ಆಗಿಲ್ಲ, ಧೈರ್ಯವಾಗಿರಿ" ಎಂದು ಒಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟು ಕಳುಹಿಸಿಬಿಡುತ್ತಿದ್ದೆ. ಅದು ತಪ್ಪೆಂದು ನನಗೆ ಕಲಿಸಿದವರು ರೋಗಿಗಳೇ. "ಏನೂ ಆಗಿಲ್ಲ" ಎಂದು ಕೇಳಿಸಿಕೊಂಡವರು ಹದಿನೈದು ದಿನದಲ್ಲಿ ಮತ್ತೆ ಬರುತ್ತಿದ್ದರು, ಇಲ್ಲವೇ ಇನ್ನೊಬ್ಬ ವೈದ್ಯರ ಬಳಿ ಹೋಗಿ ಇನ್ನೊಂದು ಇಸಿಜಿ ಮಾಡಿಸುತ್ತಿದ್ದರು. ಅವರಿಗೆ ಆಗಿರುವುದು ನಿಜ. ಅದರ ಹೆಸರು ಆತಂಕ.

ಆತಂಕ ಎಂದರೇನು?

ಅಪಾಯ ಎದುರಾದಾಗ ಓಡಲು ಅಥವಾ ಹೋರಾಡಲು ದೇಹ ಸಜ್ಜಾಗುತ್ತದೆ. ಅಡ್ರಿನಲಿನ್ ಎಂಬ ರಸದೂತ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಬೆವರು ಬರುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ. ಗುಡೇಕೋಟೆಯ ಕಾಡಂಚಿನಲ್ಲಿ ಕರಡಿ ಎದುರಾದವನಿಗೆ ಇದು ಜೀವ ಉಳಿಸುವ ವ್ಯವಸ್ಥೆ. ಆದರೆ ಕರಡಿಯೇ ಇಲ್ಲದೆ, ಅಡುಗೆಮನೆಯಲ್ಲಿ ಕುಳಿತಾಗಲೂ ಈ ಗಂಟೆ ಬಾರಿಸತೊಡಗಿದರೆ ಅದು ಬೇನೆ. ಹೆಚ್ಚಿನವರಲ್ಲಿ ಆ ಗಂಟೆಯ ಹಗ್ಗವನ್ನು ಮತ್ತೆ ಮತ್ತೆ ಎಳೆಯುವುದು ಒಂದು ಯೋಚನೆ.

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುವುದನ್ನು ನಮ್ಮ ಸೀಮೆಯವರೆಲ್ಲ ಬಲ್ಲರು. ನುಡಿ ಒಂದೇ ಸಾಲು. ಜನ ಊರು ಸೇರುವಷ್ಟರಲ್ಲಿ ಅದಕ್ಕೆ ಹತ್ತು ಅರ್ಥ. ಒಬ್ಬರು ಮಳೆಗೆ ಹೊಂದಿಸಿದರೆ ಇನ್ನೊಬ್ಬರು ರಾಜಕೀಯಕ್ಕೆ ಹೊಂದಿಸುತ್ತಾರೆ. ಆತಂಕದ ಮನಸ್ಸಿಗೆ ಈ ಹತ್ತು ಅರ್ಥಗಳಿಲ್ಲ. ಎದೆ ಒಮ್ಮೆ ಜೋರಾಗಿ ಬಡಿದರೆ "ಹಾರ್ಟ್ ಅಟ್ಯಾಕ್", ಫೋನ್ ಎತ್ತದಿದ್ದರೆ "ಅಪಘಾತ". ತೀರಾ ಕೆಟ್ಟದ್ದೊಂದನ್ನೇ ಹಿಡಿದು, ಅದನ್ನೇ ಸತ್ಯವೆಂದು ನಂಬಿಬಿಡುತ್ತದೆ.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಇದನ್ನೇ ಹಿಡಿದು ಒಂದು ಚಿಕಿತ್ಸಾ ಕ್ರಮವನ್ನು ರೂಪಿಸಿದರು. ಅದರ ತಿರುಳು ಇಷ್ಟೆ: ಯೋಚನೆಯನ್ನು ಅದುಮಬೇಡಿ, ನಂಬಲೂ ಬೇಡಿ, ಸಾಕ್ಷಿ ಕೇಳಿ. "ಎಲ್ಲಾ ಒಳ್ಳೇದೇ ಆಗುತ್ತದೆ" ಎಂದು ಬಲವಂತವಾಗಿ ಹೇಳಿಕೊಳ್ಳುವುದು ಇದಲ್ಲ. ಸುಳ್ಳು ಸಮಾಧಾನವನ್ನು ಮನಸ್ಸು ಬೇಗನೇ ಪತ್ತೆ ಹಚ್ಚುತ್ತದೆ.

ಐದು ಪ್ರಶ್ನೆಗಳು

ಮಕ್ಕಳ ಹಳೆಯ ನೋಟ್‌ಬುಕ್ ಒಂದನ್ನು ತೆಗೆದುಕೊಳ್ಳಿ. ಗಾಬರಿಯಾದಾಗ, ಸ್ವಲ್ಪ ತಣ್ಣಗಾದ ಮೇಲೆ ಇವುಗಳಿಗೆ ಉತ್ತರ ಬರೆಯಿರಿ. ಬರೆಯಲು ಬಾರದವರು ಮನೆಯ ಒಬ್ಬರೊಡನೆ ಬಾಯಲ್ಲೇ ಹೇಳಬಹುದು.

1. ಏನು ನಡೆಯಿತು? (ಮಗ ಫೋನ್ ಎತ್ತಲಿಲ್ಲ.)

2. ಮನಸ್ಸು ಏನೆಂದಿತು? (ಅವನಿಗೆ ಏನೋ ಆಗಿದೆ.)

3. ಇದಕ್ಕೆ ಸಾಕ್ಷಿ ಏನಿದೆ? ಇದರ ವಿರುದ್ಧ ಏನಿದೆ? (ಸಾಕ್ಷಿ ಯಾವುದೂ ಇಲ್ಲ. ಹಿಂದೆ ಎಷ್ಟೋ ಸಲ ಎತ್ತಿಲ್ಲ. ಪ್ರತಿಸಲವೂ ಸಂಜೆ ತಾನೇ ಮಾಡಿದ್ದಾನೆ.)

4. ಬೇರೆ ಏನು ಕಾರಣವಿರಬಹುದು? (ಕೆಲಸದಲ್ಲಿರಬಹುದು, ಬಸ್ಸಿನಲ್ಲಿರಬಹುದು, ಚಾರ್ಜ್ ಮುಗಿದಿರಬಹುದು.)

5. ಇದೇ ಮಾತನ್ನು ನಿಮ್ಮ ತಂಗಿ ಹೇಳಿದ್ದರೆ ನೀವು ಅವಳಿಗೆ ಏನು ಹೇಳುತ್ತಿದ್ದಿರಿ?

ಐದನೆಯ ಪ್ರಶ್ನೆ ಎಲ್ಲಕ್ಕಿಂತ ಉಪಯುಕ್ತ. ಇನ್ನೊಬ್ಬರ ವಿಷಯದಲ್ಲಿ ನಮಗಿರುವ ವಿವೇಕ ನಮ್ಮ ವಿಷಯದಲ್ಲಿ ಬೇಗ ಕೈಕೊಡುತ್ತದೆ. ಎರಡು ಮೂರು ವಾರ ಬರೆದರೆ ನಿಮ್ಮ ಮನಸ್ಸು ಯಾವ ತಪ್ಪನ್ನು ಪದೇ ಪದೇ ಮಾಡುತ್ತದೆ ಎಂಬುದು ತಿಳಿಯುತ್ತದೆ. ಕೆಲವರದು ಕಡ್ಡಿಯನ್ನು ಗುಡ್ಡ ಮಾಡುವ ತಪ್ಪು. ಕೆಲವರದು "ಜನ ನನ್ನನ್ನೇ ನೋಡಿ ಆಡಿಕೊಳ್ಳುತ್ತಾರೆ" ಎಂದು ಬೇರೆಯವರ ಮನಸ್ಸನ್ನು ತಾವೇ ಓದುವ ತಪ್ಪು. ಕೆಲವರದು "ಒಂದು ಪರೀಕ್ಷೆ ಫೇಲಾದರೆ ಬಾಳೇ ಮುಗಿಯಿತು" ಎನ್ನುವ ತಪ್ಪು.

ನಿಜವಾದ ಕಷ್ಟವಿದ್ದರೆ?

ಹಗರಿಬೊಮ್ಮನಹಳ್ಳಿ ಕಡೆಯ ರೈತರೊಬ್ಬರು ಕೇಳಿದರು: "ಮಳಿ ಬಂದಿಲ್ಲ, ಸಾಲ ಐತಿ. ಇದು ಸುಳ್ಳು ಯೋಚನೆ ಏನ್ರಿ?" ನ್ಯಾಯವಾದ ಪ್ರಶ್ನೆ. ಮಳೆಯನ್ನೇ ನಂಬಿದ ನಮ್ಮ ಸೀಮೆಯಲ್ಲಿ ಚಿಂತೆಗೆ ಕಾರಣಗಳಿಗೆ ಬರವಿಲ್ಲ. ಇಲ್ಲಿ ಕಷ್ಟವನ್ನೂ ಅದರ ಮೇಲೆ ಮನಸ್ಸು ಕಟ್ಟಿದ ಮಾತನ್ನೂ ಬೇರೆ ಬೇರೆ ಮಾಡಬೇಕು. "ಎರಡು ಲಕ್ಷ ಸಾಲವಿದೆ" ಎಂಬುದು ಕಷ್ಟ. ಅದಕ್ಕೆ ಬ್ಯಾಂಕಿನವರ ಬಳಿ ಹೋಗಿ ಅವಧಿ ಕೇಳುವುದು, ಮನೆಯವರಿಂದ ಮುಚ್ಚಿಡದೆ ಹೇಳುವುದು ಮುಂತಾದ ದಾರಿಗಳಿವೆ. "ನಾನು ಯಾತಕ್ಕೂ ಬಾರದವನು, ನಾನಿಲ್ಲದಿದ್ದರೇ ಮನೆಗೆ ಒಳಿತು" ಎಂಬುದು ಕಷ್ಟವಲ್ಲ, ಬೇನೆಯ ಮಾತು. ಇಂಥ ಮಾತು ಬಂದಾಗ ಪುಸ್ತಕದಲ್ಲಿ ಬರೆಯುತ್ತ ಕೂರಬಾರದು. ಅಂದೇ ವೈದ್ಯರನ್ನು ಕಾಣಬೇಕು, ಮನೆಯವರು ಅವರನ್ನು ಒಬ್ಬರೇ ಬಿಡಬಾರದು, ಕೀಟನಾಶಕವನ್ನು ಕೈಗೆಟುಕದಂತೆ ಇಡಬೇಕು.

ತಪ್ಪಿಸಿಕೊಂಡಷ್ಟೂ ಬೆಳೆಯುತ್ತದೆ

ಸಂತೆಗೆ ಹೋದರೆ ಗಾಬರಿಯಾಗುತ್ತದೆ ಎಂದು ಸಂತೆ ಬಿಟ್ಟರೆ, ಮುಂದೆ ಬಸ್ಸು, ಆಮೇಲೆ ಅಂಗಳವೂ ಭಯ ಹುಟ್ಟಿಸುತ್ತದೆ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಎದುರಿಸಿ. ಮೊದಲ ವಾರ ಬಸ್ ನಿಲ್ದಾಣದವರೆಗೆ, ಮುಂದಿನ ವಾರ ಒಂದು ಸ್ಟಾಪು, ಆಮೇಲೆ ಪೇಟೆ. ಗಾಬರಿ ಬಂದರೆ ಓಡಿ ಬರಬೇಡಿ; ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಅಲೆ ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಇಳಿಯುವುದನ್ನು ಕಣ್ಣಾರೆ ಕಂಡ ಮನಸ್ಸಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ದಿನಕ್ಕೆ ಏಳೆಂಟು ಲೋಟ ಚಹಾ ಕುಡಿಯುವವರು ಅದನ್ನೂ ತಗ್ಗಿಸಿ.

ವೈದ್ಯರು ಬೇಕಾದಾಗ

ಒಂದು ಎಚ್ಚರಿಕೆ. ಎದೆಯ ಮೇಲೆ ಭಾರ ಹೇರಿದಂಥ ನೋವು, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಆತಂಕವೆಂದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ ಈ ಮಾತು ಇನ್ನಷ್ಟು ಅನ್ವಯ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಎದೆಬಡಿತ ಹೆಚ್ಚಿಸುವುದರಿಂದ ಒಮ್ಮೆ ಪರೀಕ್ಷೆ ಆಗಲೇಬೇಕು. ಅದು ಸರಿಯಿದ್ದ ಮೇಲೆ ತಿಂಗಳಿಗೊಂದು ಇಸಿಜಿ ಬೇಡ. ಅದೂ ಆತಂಕಕ್ಕೆ ಹಾಕುವ ಗೊಬ್ಬರವೇ.

ನಿದ್ರೆ, ಊಟ, ಕೆಲಸ ವಾರಗಟ್ಟಲೆ ಕೆಟ್ಟರೆ ಔಷಧವೂ ಬೇಕಾಗಬಹುದು. ಆತಂಕಕ್ಕೆ ಕೊಡುವ ಮುಖ್ಯ ಮಾತ್ರೆಗಳು ಗುಣ ತೋರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅವು ಚಟ ಹಿಡಿಸುವುದಿಲ್ಲ, ಆದರೆ ತಾವಾಗಿಯೇ ತಟ್ಟನೆ ನಿಲ್ಲಿಸಬಾರದು. ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನಿದ್ರೆಮಾತ್ರೆ ಮಾತ್ರ ಚಟವಾಗುತ್ತದೆ.

"ಹುಚ್ಚರ ಡಾಕ್ಟರ ಬಳಿ ಹೋಗಬೇಕೆ?" ಎಂದು ನಾಚುವವರು ಒಂದು ಸಂಗತಿ ತಿಳಿಯಬೇಕು. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸುವ ಪ್ರಯೋಗ ನಡೆಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಆಗ ಅದೇ ಜಿಲ್ಲೆಯಲ್ಲಿದ್ದವು. "ಬಳ್ಳಾರಿ ಮಾದರಿ" ಎಂದೇ ಹೆಸರಾದ ಅದನ್ನು ಅನುಸರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಡೀ ದೇಶಕ್ಕೆ ದಾರಿ ತೋರಿದ ಸೀಮೆಯವರು ನಾಚುವುದೇಕೆ? ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಆ ಗೃಹಿಣಿ ಮಗಳ ಕೈಯಲ್ಲಿ ಪುಸ್ತಕ ಬರೆಸಿದರು, ಕೆಲವು ತಿಂಗಳು ಮಾತ್ರೆಯನ್ನೂ ತೆಗೆದುಕೊಂಡರು. ಕೊಟ್ಟೂರೇಶ್ವರನ ತೇರಿನ ಮಾರನೆಯ ವಾರ ಬಂದು ಹೇಳಿದರು: "ಎದಿ ಡವಡವ ಅಂತು ಡಾಕ್ಟ್ರೇ. ಅಂದ್ಕೊಳ್ಳಲಿ ಅಂತ ಬಿಟ್ಟು, ತೇರು ನೋಡೇ ಬಂದೆ." ಗುಣವಾಗುವುದೆಂದರೆ ಇದೇ. ಗಾಬರಿ ಒಮ್ಮೆಯೂ ಬಾರದಂತಾಗುವುದಲ್ಲ. ಬಂದಾಗ ಅದರ ಮಾತಿಗೆ ತಲೆಯಾಡಿಸದೆ ನಮ್ಮ ಕೆಲಸಕ್ಕೆ ನಾವು ಹೋಗುವುದು.