ದೀಪವೂ ಅಲ್ಲ, ಸೌಟೂ ಅಲ್ಲ – ಇದು ಒಳಲೆ!

ದೀಪಾವಳಿಗೆಂದು ಮನೆ ಸ್ವಚ್ಛ ಮಾಡುವಾಗ ಹಳೆಯ ಟ್ರಂಕಿನ ತಳದಿಂದ ಅಂಗೈಯಲ್ಲಿ ಹಿಡಿಸುವ ಒಂದು ಲೋಹದ ವಸ್ತು ಹೊರಬರುತ್ತದೆ. ಒಂದು ಕಡೆ ಪುಟ್ಟ ಬಟ್ಟಲಿನಂತೆ ಗುಂಡಗೆ, ಇನ್ನೊಂದು ಕಡೆ ಹಕ್ಕಿಯ ಕೊಕ್ಕಿನಂತೆ ಉದ್ದನೆಯ ಮೂತಿ. ಹಿಡಿಯಿಲ್ಲ, ಮುಚ್ಚಳವಿಲ್ಲ. ಇದನ್ನು ಅಲ್ಲಾವುದ್ದೀನನ ದೀಪವೆಂದ ಹುಡುಗಿಯರನ್ನೂ, ಇದರಲ್ಲಿ ಪೇಪರ್ ಕ್ಲಿಪ್ ತುಂಬಿಟ್ಟ ಹುಡುಗನನ್ನೂ ನಾನು ಬಲ್ಲೆ. ಕೊನೆಗೆ ಅದು ಭಂಗಾರವಾಲಾನ ತಕ್ಕಡಿಗೆ ಬೀಳುವುದೂ ಉಂಟು. ನೋಡಿ, ಮುಂಬಯಿಯಲ್ಲಿ ಭಂಗಾರವೆಂದರೆ ಗುಜರಿ, ನಮ್ಮ ಭಾಷೆಯಲ್ಲಿ ಬಂಗಾರವೆಂದರೆ ಚಿನ್ನ!

ಯುವಮಿತ್ರರೇ, ಕೊಡುವ ಮೊದಲು ಒಮ್ಮೆ ಪರೀಕ್ಷಿಸಿ. ದೀಪವಾಗಿದ್ದರೆ ಬತ್ತಿ ಇಡುವ ಜಾಗದಲ್ಲಿ ಮಸಿಯ ಕಲೆ ಇರುತ್ತದೆ. ಪೂಜೆಯ ಉದ್ಧರಣೆಯಾದರೆ ಉದ್ದನೆಯ ಹಿಡಿ ಇರುತ್ತದೆ. ಗಿಂಡಿಯಾದರೆ ಹೊಟ್ಟೆಯ ಪಕ್ಕದಿಂದ ನಳಿಕೆ ಹೊರಟಿರುತ್ತದೆ. ಇವು ಯಾವುದೂ ಅಲ್ಲದೆ, ಮೂತಿಯ ಅಂಚು ಬೆರಳಾಡಿಸಿದರೆ ಎಲ್ಲೂ ಚುಚ್ಚದಷ್ಟು ನುಣುಪಾಗಿದ್ದರೆ ಅದು ಒಳಲೆ. ಹಸುಗೂಸಿನ ಬಾಯಿಗೆ ತಾಗುವ ವಸ್ತುವಲ್ಲವೇ, ಅದಕ್ಕೇ ಆ ನುಣುಪು.

ಅಜ್ಜಿಯರು ಕಾಲು ನೀಡಿ ಕುಳಿತು, ಮಗುವನ್ನು ಮಡಿಲಲ್ಲಿ ತಲೆ ಎತ್ತರವಾಗಿರುವಂತೆ ಮಲಗಿಸಿ, ತುಟಿಯ ಅಂಚಿಗೆ ಒಳಲೆಯ ಮೂತಿಯಿಟ್ಟು ಹಾಲನ್ನೋ ತೇಯ್ದ ಬಜೆಯನ್ನೋ ತೊಟ್ಟುತೊಟ್ಟಾಗಿ ಹಾಕುತ್ತಿದ್ದರು. ನಿಮ್ಮ ತಮಿಳು ಗೆಳತಿಯ ಮನೆಯಲ್ಲಿ ಇದು ಪಾಲಾಡೈ, ತೆಲುಗರಲ್ಲಿ ಉಗ್ಗುಗಿನ್ನೆ, ಮರಾಠಿಯವರಲ್ಲಿ ಬೋಂಡ್ಲೆ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ಇಂಗ್ಲಿಷಿನ ಹೆಸರನ್ನೂ ಹೇಳದಿರಲಾಗದು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಾಲಲ್ಲಿ ನೆನೆಸಿದ ಬ್ರೆಡ್ಡಿನ ಗಂಜಿಯನ್ನು ಕೂಸುಗಳಿಗೆ ಕುಡಿಸಲು ಇಂಥದೇ ‘ಪ್ಯಾಪ್ ಬೋಟ್’ ಇತ್ತು. ಅಲ್ಲಿ ಅದು ಈಗ ಮ್ಯೂಸಿಯಂ ಸೇರಿದೆ. ನಮ್ಮದು ಆಸ್ಪತ್ರೆ ಸೇರಿದೆ!

ಹೌದು, ದಿನ ತುಂಬುವ ಮೊದಲೇ ಹುಟ್ಟಿದ, ಮೊಲೆ ಚೀಪಲು ತ್ರಾಣವಿಲ್ಲದ ಶಿಶುಗಳಿಗೆ ತಾಯಿಯ ಹಾಲನ್ನೇ ಹಿಂಡಿ ಸ್ಟೀಲಿನ ಪಾಲಾಡೈಯಲ್ಲಿ ಕುಡಿಸುವ ಪದ್ಧತಿ ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕಡಿಮೆ ತೂಕದ ಶಿಶುಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಬಟ್ಟಲು, ಚಮಚಗಳ ಜೊತೆ ಇದರ ಹೆಸರೂ ಇದೆ. ಬಾಟಲಿಯ ನಿಪ್ಪಲ್ಲಿನ ಸಂದಿಯಲ್ಲಿ ಕೊಳೆ ನಿಲ್ಲುತ್ತದೆ. ಒಳಲೆಗೆ ಸಂದಿಯೇ ಇಲ್ಲ, ತೊಳೆದು ನೀರಲ್ಲಿ ಕುದಿಸಿದರಾಯಿತು.

ಹಾಗೆಂದು ಟ್ರಂಕಿನಲ್ಲಿ ಸಿಕ್ಕ ಒಳಲೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಅಕ್ಕನ ಬಾಣಂತನಕ್ಕೆ ಕೊಟ್ಟುಬಿಡಬೇಡಿ. ಅದು ಯಾವ ಲೋಹದ್ದೆಂದು ಮೊದಲು ತಿಳಿಯಬೇಕು. ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ, ಕಲಾಯಿ ಹಾಕಿದ ಹಿತ್ತಾಳೆಯೂ ಬೆಳ್ಳಗೇ ಕಾಣುತ್ತದೆ. ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕಿ ನಿಮಿಷದಲ್ಲಿ ಹೇಳಿಬಿಡುತ್ತಾರೆ.

ಇದು ಬರಿಯ ಬೆಲೆಯ ಮಾತಲ್ಲ. ಹಿಂದೆ ನಮ್ಮ ದೇಶದಲ್ಲಿ ಎಳೆಯ ಮಕ್ಕಳ ಯಕೃತ್ತು ಗಟ್ಟಿಯಾಗಿ ಪ್ರಾಣ ತೆಗೆಯುವ ಒಂದು ಕಾಯಿಲೆ ಇತ್ತು. ಪುಣೆಯ ಕೆಇಎಂ ಆಸ್ಪತ್ರೆಯ ವೈದ್ಯರಾದ ಆನಂದ ಪಂಡಿತ್ ಮತ್ತು ಶೀಲಾ ಭಾವೆಯವರು ಬ್ರಿಟನ್ನಿನ ವೈದ್ಯ ಟ್ಯಾನರ್ ಅವರೊಡನೆ ಸೇರಿ 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದರ ಜಾಡು ತೋರಿಸಿದರು. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿಗೆ ತಾಮ್ರ ಇಳಿದು, ಅದು ಕೂಸಿನ ಯಕೃತ್ತಿನಲ್ಲಿ ಸೇರುತ್ತಿತ್ತು. ಪಾತ್ರೆಗಳು ಬದಲಾದಂತೆ ಆ ಕಾಯಿಲೆಯೂ ಬಹುಮಟ್ಟಿಗೆ ಮರೆಯಾಯಿತು. ಆದ್ದರಿಂದ ಹಿತ್ತಾಳೆಯ ಒಳಲೆ ಷೋಕೇಸಿಗೇ ಸರಿ. ಬೆಳ್ಳಿಯದಾದರೂ ವೈದ್ಯರನ್ನು ಕೇಳಿಯೇ ಬಳಸಬೇಕು. ಮೊದಲ ಆರು ತಿಂಗಳು ಕೂಸಿಗೆ ತಾಯಿಹಾಲೊಂದೇ ಸಾಕು, ಬಜೆ, ಜೇನು ಯಾವುದೂ ಬೇಡವೆಂದು ಅವರೇ ಹೇಳುತ್ತಾರೆ.

ಇನ್ನೊಂದು ಕೆಲಸ ಬಾಕಿ ಇದೆ. ಮನೆಯ ಹಿರಿಯರ ಕೈಗೆ ಒಳಲೆಯನ್ನು ಕೊಟ್ಟು, ಇದು ಯಾರ ತವರಿನಿಂದ ಬಂತು, ಇದರಲ್ಲಿ ಹಾಲು ಕುಡಿದವರು ಯಾರ್ಯಾರು ಎಂದು ಕೇಳಿ. ಹೇಳಿದ್ದನ್ನು ಒಂದು ಚೀಟಿಯಲ್ಲಿ, ಸಾಧ್ಯವಾದರೆ ಕನ್ನಡದಲ್ಲೇ ಬರೆದು, ಅದರೊಳಗೇ ಮಡಿಸಿಡಿ. ಆ ಪಟ್ಟಿಯಲ್ಲಿ ನಿಮ್ಮ ಅಪ್ಪನ ಹೆಸರೋ ಅಮ್ಮನ ಹೆಸರೋ ಇದ್ದೀತು.